ಮೀನಿನ ಹೊಂಡಕ್ಕೆ ವೈರಿನ ಥರ್ಮಾಮೀಟರ್: ರಾಯಚೂರಿನ ಬಿಸಿಲಿಗೆ ಆಗಿಬರುತ್ತದೆಯೇ?

ಫ್ರಿಜ್‌ಗೆಂದು ಮಾರುವ ಪುಟ್ಟ ಡಿಜಿಟಲ್ ಥರ್ಮಾಮೀಟರ್ ಇದು. ಒಂದು ಮೀಟರ್ ವೈರ್, ತುದಿಗೆ ಸೆನ್ಸರ್, ಎರಡು ಗುಂಡಿ ಸೆಲ್. ಬೆಲೆ ಇನ್ನೂರು ರೂಪಾಯಿ ಆಸುಪಾಸು. ಸಿಂಧನೂರು, ಮಾನ್ವಿ ಕಡೆ ಮೀನು ಸಾಕುವವರು ಧಾರಾಳವಾಗಿ ಕೊಳ್ಳಬಹುದು, ಆದರೆ ತಂದ ಹಾಗೇ ನೀರಿಗೆ ಇಳಿಬಿಡಬೇಡಿ.

ಮೊದಲು ಲೋಟದ ತುಂಬ ಪುಡಿ ಐಸ್ ಹಾಕಿ, ಸ್ವಲ್ಪ ನೀರು ಬೆರೆಸಿ, ಸೆನ್ಸರನ್ನು ಲೋಟಕ್ಕೆ ತಾಗದಂತೆ 5 ನಿಮಿಷ ಹಿಡಿಯಿರಿ. ಸೊನ್ನೆ ಬರಬೇಕು. ಒಂದು ಡಿಗ್ರಿ ಆಚೀಚೆಯಾದರೆ ಅಷ್ಟನ್ನು ಕೂಡಿಸಿ, ಕಳೆದು ಓದಿಕೊಳ್ಳಿ. ಎರಡು ದಾಟಿದರೆ ಅಂಗಡಿಗೆ ವಾಪಸ್ ಕೊಡಿ.

ದೊಡ್ಡ ಕೊರತೆ ಎಂದರೆ ವೈರು. ಆರೇಳು ಅಡಿ ಹೊಂಡದಲ್ಲಿ ಅದು ತಳ ಮುಟ್ಟುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಮೇಲಿನ ನೀರು ಕಾದಾಗ ಮೀನು ಸೇರುವುದು ತಳಕ್ಕೇ, ನಮಗೆ ಬೇಕಾದದ್ದೂ ಅಲ್ಲಿಯ ಲೆಕ್ಕವೇ. ವೈರ್ ಕತ್ತರಿಸಿ ಉದ್ದ ಮಾಡಿದರೆ ಲೆಕ್ಕ ತಪ್ಪುವುದಿಲ್ಲ. ಸೆನ್ಸರಿನ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬಿಸಿ ಏರಿದಂತೆ ತಗ್ಗುತ್ತದೆ; ಮೀಟರ್ ಅಳೆಯುವುದು ಅದನ್ನೇ. ಅದು ಸಾವಿರಾರು ಓಮ್, ಹೊಸ ವೈರಿನದು ಒಂದು ಓಮ್ ಆಸುಪಾಸು. ಆದರೆ ಒಂದು ಬೆಸುಗೆ ನೀರೊಳಗೇ ಉಳಿಯುತ್ತದೆ. ಅದಕ್ಕೆ ಒಳಗೆ ಅಂಟು ಸವರಿದ ಹೀಟ್ ಶ್ರಿಂಕ್ ಸ್ಲೀವ್ (ಕಾಯಿಸಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕದಿದ್ದರೆ ತೇವ ಇಳಿದು, ರೋಧ ತಗ್ಗಿ, ಇದ್ದದ್ದಕ್ಕಿಂತ ಹೆಚ್ಚು ಬಿಸಿ ತೋರಿಸುತ್ತದೆ. ಇಂಥ ಸುಳ್ಳು ಅಂಕಿ ನಂಬಿ ಮೇವು ನಿಲ್ಲಿಸಿದರೆ ನಷ್ಟ ನಮ್ಮದೇ.

ಎಲ್ಲ ಮೀನಿಗೂ ಒಂದೇ ಅಂಕಿ ಹಿಡಿಯಬಾರದು. ಗಂಗೆಯ ಬಯಲಿನ ಮೂಲದ ಕಾಟ್ಲಾ, ರೋಹು, ಮೃಗಾಲ್‌ಗೆ 25ರಿಂದ 32 ಡಿಗ್ರಿ ಹಿತ. ಹೊರದೇಶದಿಂದ ಬಂದ ಸಾಮಾನ್ಯ ಗೆಂಡೆಗೆ ಅದಕ್ಕಿಂತ ತಂಪು ಬೇಕು. ಆಫ್ರಿಕಾದ ತಿಲಾಪಿಯಾ ಬಿಸಿಗೆ ಗಟ್ಟಿ. ನಮ್ಮ ಕೊರಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ, ಅದರ ದಾರಿಯೇ ಬೇರೆ. ನೆವಾಡಾ ಮರುಭೂಮಿಯ ಡೆವಿಲ್ಸ್ ಹೋಲ್‌ನಲ್ಲಿ ಸುಮಾರು 33 ಡಿಗ್ರಿ ನೀರಲ್ಲೇ ಬಾಳುವ ಪಪ್‌ಫಿಶ್ ಇದೆ. ಹಾಗೆಂದು ಗೆಂಡೆಯಿಂದ ಅಷ್ಟು ತಾಳಿಕೆ ಕೇಳಬಾರದು.

ನೀರು ಬಿಸಿಯಾದಷ್ಟೂ ಅದು ಹಿಡಿಯುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂ ದಾಟಿದರೆ, 35ರಲ್ಲಿ 7ಕ್ಕೂ ಸ್ವಲ್ಪ ಕಡಿಮೆ. ಅದನ್ನು ಈ ಯಂತ್ರ ಅಳೆಯುವುದಿಲ್ಲ. ಬೆಳಗಿನ 6ಕ್ಕೂ ತಳ 32 ದಾಟಿದ್ದರೆ ಮೇವು ಅರ್ಧಕ್ಕಿಳಿಸಿ, ನಸುಕಿನಲ್ಲೇ ಪಂಪಿನ ನೀರನ್ನು ಮೇಲಿಂದ ಚಿಮ್ಮಿಸಿ.

ಹಾಕಿದ ದುಡ್ಡು ಪೂರ್ತಿ ಹುಟ್ಟುವುದು ಮರಿ ಬಿಡುವ ದಿನ. ಚೀಲದ ನೀರಿಗೂ ಹೊಂಡಕ್ಕೂ ಮೂರು ಡಿಗ್ರಿ ಅಂತರವಿದ್ದರೆ ಚೀಲ ತೇಲಿಸಿ 20 ನಿಮಿಷ ಬಿಟ್ಟು, ಬೊಗಸೆ ಬೊಗಸೆಯಾಗಿ ಹೊಂಡದ ನೀರು ಬೆರೆಸಿ. ಪರದೆ ಬಿಸಿಲಿಗೆ ಕಪ್ಪಾಗುವುದರಿಂದ ಮೀಟರನ್ನು ನೆರಳಲ್ಲಿ ಹಿಡಿದು ಓದಿ.