ಟೆಂಪೊದಲ್ಲಿ ಬರುವ ‘ಗಿರಿರಾಜ’ ಮರಿ ತಗೋಬೇಡಿ

ಮೊಟ್ಟೆಗೂ ಆಗಬೇಕು, ಮಾಂಸಕ್ಕೂ ಆಗಬೇಕು, ಮನೆ ನಾಯಿಗಳಿಗೂ ಅದರಲ್ಲೇ ಒಂದು ಪಾಲು ಸಿಗಬೇಕು ಅಂತ ತೋಟದಲ್ಲಿ ಕೋಳಿ ಸಾಕಲು ಹೊರಟವರು ದಯವಿಟ್ಟು ಇದನ್ನು ಓದಿ.

ಕಳೆದ ಬೇಸಿಗೆಯಲ್ಲಿ ಮೈಕ್ ಹಾಕಿಕೊಂಡು ಊರಿಗೆ ಬಂದ ಟೆಂಪೊದವನ ಹತ್ತಿರ ಐವತ್ತು ಮರಿ ತಗೊಂಡೆವು. ‘ಎಲ್ಲಾ ಗಿರಿರಾಜ ಸಾರ್, ಲಸಿಕೆ ಆಗಿದೆ, ಎರಡು ತಿಂಗಳಿಗೆ ಒಂದೂವರೆ ಕೆಜಿ ಗ್ಯಾರಂಟಿ’ ಅಂದ. ರೆಕ್ಕೆ ಬಂದ ಮೇಲೆ ನೋಡಿದರೆ ಎಲ್ಲವೂ ಬಿಳಿ. ಗಿರಿರಾಜ ಅಂದರೆ ಮೊಟ್ಟೆಗೂ ಮಾಂಸಕ್ಕೂ ಸಾಕುವ ಬಣ್ಣ ಬಣ್ಣದ ಕೋಳಿ ತಳಿ. ಇವಕ್ಕೆ ಸಣಕಲು ಕಾಲು, ಮೈಯಲ್ಲಿ ಮಾಂಸವೇ ಇಲ್ಲ, ತಲೆ ಮೇಲೆ ಜುಟ್ಟು ಮಾತ್ರ ಕೆಂಪಗೆ ಎದ್ದಿದೆ. ಐವತ್ತೂ ಹುಂಜ!

ಪಶುವೈದ್ಯರು ನೋಡಿದ ತಕ್ಷಣ ಹೇಳಿದರು, ಇವು ಮೊಟ್ಟೆ ಕೋಳಿ ತಳಿಯ ಗಂಡು ಮರಿಗಳು. ಮೊಟ್ಟೆ ಫಾರಂಗಳಿಗೆ ಹೆಣ್ಣು ಮರಿ ಮಾತ್ರ ಬೇಕು. ಗಂಡು ಮೊಟ್ಟೆ ಇಡುವುದಿಲ್ಲ, ಎಷ್ಟು ತಿನ್ನಿಸಿದರೂ ಬೇಗ ತೂಕ ಬರುವುದಿಲ್ಲ. ಹ್ಯಾಚರಿಗೆ, ಅಂದರೆ ಮರಿ ಮಾಡಿಸುವ ಕೇಂದ್ರಕ್ಕೆ, ಬೇಡವಾದ ಆ ಮರಿಗಳನ್ನು ಪುಡಿಗಾಸಿಗೆ ತಂದು ನಾಟಿ, ಗಿರಿರಾಜ ಅಂತ ಹೆಸರಿಟ್ಟು ಹಳ್ಳಿಗಳಲ್ಲಿ ಮಾರುತ್ತಾರೆ.

ಅಷ್ಟಕ್ಕೇ ಮುಗಿದಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗಬಹುದಿತ್ತು. ಆದರೆ ಹಸಿರು ಭೇದಿ ಶುರುವಾಯಿತು. ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಕೆಲವು ಕತ್ತು ತಿರುಚಿಕೊಂಡು, ಮುಂದಿದ್ದ ಕಾಳನ್ನೂ ಕುಕ್ಕಲಾಗದೆ ನೆಲದಲ್ಲಿ ಸುತ್ತುತ್ತಿದ್ದವು. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ವೈರಸ್ ರೋಗ, ಬಂದ ಮೇಲೆ ಔಷಧಿ ಇಲ್ಲ. ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ ಬೀಳಬೇಕು, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಇಂಜೆಕ್ಷನ್. ಲಸಿಕೆಯನ್ನು ಐಸ್‌ನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಬಿಸಿಲಲ್ಲಿ ಊರೂರು ಸುತ್ತುವ ಟೆಂಪೊದಲ್ಲಿ ಇದೆಲ್ಲ ಎಲ್ಲಿ ಆಗುತ್ತೆ?

ಮಾರಿದವನಿಗೆ ಫೋನ್ ಮಾಡಿದರೆ, ‘ಸತ್ತವನ್ನ ಬೇಯಿಸಿ ನಾಯಿಗೆ ಹಾಕಿ ಸಾರ್, ಯಾಕೆ ದಂಡ ಮಾಡ್ತೀರಾ’ ಅಂದ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಈ ಮಾತಿಗೆ. ಅವನ ಹತ್ತಿರವೇ ಮರಿ ತಗೊಂಡಿದ್ದ ಪಕ್ಕದ ತೋಟದವರು ಪಾಪ ಹಾಗೇ ಮಾಡಿದರು. ಬೆಂದ ಮೂಳೆ ಚೂಪಾಗಿ ಸೀಳುತ್ತೆ. ಅವರ ನಾಯಿಗೆ ಮೂಳೆ ಚೂರೆಲ್ಲ ಕರುಳಿನ ಕೊನೆಯಲ್ಲಿ ಗಟ್ಟಿಯಾಗಿ ಕೂತು, ತಿಣುಕಿದರೂ ಏನೂ ಬರದೆ ಬರೀ ರಕ್ತ ಬಂತು. ಆಸ್ಪತ್ರೆಯಲ್ಲಿ ಎನಿಮಾ ಕೊಟ್ಟು ತೆಗೆಸಬೇಕಾಯಿತು. ಇನ್ನು ಸತ್ತ ಕೋಳಿಯನ್ನು ಹಾಗೇ ಎಸೆದರೆ ನಾಯಿ ಅದನ್ನು ಕಚ್ಚಿಕೊಂಡು ತೋಟವೆಲ್ಲ ಓಡಾಡುತ್ತೆ, ರೋಗ ಪಕ್ಕದ ಮನೆಯ ಕೋಳಿಗೂ ಹೋಗುತ್ತೆ. ನಾವು ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂತೆವು. ಒಟ್ಟೊಟ್ಟಿಗೆ ಕೋಳಿ ಸಾಯುತ್ತಿದ್ದರೆ ಪಶು ಆಸ್ಪತ್ರೆಗೆ ತಿಳಿಸಲೇಬೇಕು, ಹಕ್ಕಿಜ್ವರವೂ ಇರಬಹುದಲ್ವಾ.

ನಾಯಿಗೆ ಕೋಳಿ ಹಾಕಬೇಡಿ ಅಂತಲ್ಲ. ಆರೋಗ್ಯವಾಗಿದ್ದ ಕೋಳಿಯ ಮಾಂಸ, ಈಲಿಯನ್ನು ಬೇಯಿಸಿ, ಮೂಳೆ ಪೂರ್ತಿ ಬಿಡಿಸಿ, ಅನ್ನಕ್ಕೋ ರಾಗಿ ಮುದ್ದೆಗೋ ಕಲಸಿ ಕೊಡಿ. ಬೇಯಿಸಿದ ಮೊಟ್ಟೆಯೂ ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೇಡ.

ಗಿರಿರಾಜ ತಳಿ ಹುಟ್ಟಿದ್ದೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. ಮರಿಗೆ ಮೊದಲು ಅಲ್ಲೇ ವಿಚಾರಿಸಿ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಕೇಂದ್ರವೂ ಇದೆ, ಕಾವೇರಿ ತಳಿ ಅಲ್ಲಿಯದು. ಎಲ್ಲೇ ತಗೊಂಡರೂ ರಸೀದಿ ಕೇಳಿ, ಯಾವ ಲಸಿಕೆ ಯಾವ ತಾರೀಖಿಗೆ ಹಾಕಿದ್ದಾರೆ ಅಂತ ಅದರಲ್ಲೇ ಬರೆಸಿಕೊಳ್ಳಿ.