ಇಳಕಲ್ಲಿನ ನೇಕಾರರ ಮನೆಯಲ್ಲಿ ಅರ್ಧ ದಿನದ ಮಗ್ಗದ ಪಾಠ

ಅಜ್ಜಿ, ತಾಯಿ, ಅತ್ತೆಯರ ಮೈಮೇಲೆ ಇಳಕಲ್ ಸೀರೆಯನ್ನು ನೋಡುತ್ತಲೇ ಬೆಳೆದ ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಆ ಸೀರೆಯ ಬಗ್ಗೆ ಹೊಸದಾಗಿ ತಿಳಿಯುವುದೇನೂ ಉಳಿದಿಲ್ಲವೆಂಬ ಭರವಸೆ ಬಹಳ. ಇಳಕಲ್ಲಿನ ಹಳೆಯ ಓಣಿಯೊಂದರಲ್ಲಿ ಕೈಮಗ್ಗವನ್ನೇ ನಂಬಿಕೊಂಡಿರುವ ಒಂದು ಮನೆಯವರು ಆಸಕ್ತರಿಗಾಗಿ ನಡೆಸುವ ಅರ್ಧ ದಿನದ ಪಾಠವು ಮೊದಲು ಅಲುಗಾಡಿಸುವುದು ಆ ಭರವಸೆಯನ್ನೇ, ಮತ್ತು ಅದನ್ನು ಇತರರಿಗೆ ಸೂಚಿಸಲು ನನಗಿರುವ ಮುಖ್ಯ ಕಾರಣವೂ ಅದೇ.

ಇಲ್ಲಿ ಯಾರನ್ನೂ ನೇರವಾಗಿ ಮಗ್ಗಕ್ಕೆ ಕೂರಿಸುವುದಿಲ್ಲ. ಮನೆಯ ಹೆಣ್ಣುಮಕ್ಕಳ ಪಕ್ಕದಲ್ಲಿ ಕುಳಿತು ರಾಟೆಯಿಂದ ಕಂಡಿಕೆ ಎಂಬ ಪುಟ್ಟ ಕೊಳವೆಗೆ ನೂಲು ಸುತ್ತುವುದರಿಂದಲೇ ಕೆಲಸ ಆರಂಭವಾಗುತ್ತದೆ. ಬಂದವರೆಲ್ಲ 'ಕಾಕಾ' ಎಂದು ಕರೆಯುವ ಹಿರಿಯ ನೇಕಾರರು ಮಿತಭಾಷಿಗಳು. ನಮ್ಮ ಗುಂಪಿನಲ್ಲಿದ್ದ ಒಬ್ಬರು ದಡಿಗಳ, ಅಂದರೆ ಸೀರೆಯ ಅಂಚುಗಳ, ಹೆಸರುಗಳನ್ನು ಗೋಮಿ, ಪರಾಸ, ಗಾಡಿ, ಗಾಯತ್ರಿ ಎಂದು ಒಪ್ಪಿಸತೊಡಗಿದಾಗ ಕಾಕಾ, "ಅದೆಲ್ಲಾ ಇರಲ್ರಿ ಸಾಹೇಬ್ರ, ಮೊದಲ ಈ ಎಳಿ ಹಿಡದು ನೋಡ್ರಿ" ಎಂದಷ್ಟೇ ಹೇಳಿ ನೂಲನ್ನು ಅವರ ಬೆರಳಿಗೆ ದಾಟಿಸಿದರು.

ಆ ದಿನದ ಅತ್ಯುತ್ತಮ ಪ್ರಶ್ನೆಯನ್ನು ಕೇಳಿದವಳು ಗುಂಪಿನಲ್ಲಿದ್ದ ಶಾಲಾ ಬಾಲಕಿ: ಸೀರೆಯ ಒಡಲು ನೀಲಿಯಾಗಿರುವಾಗ ಸೆರಗು ಮಾತ್ರ ಇಷ್ಟು ಅಪ್ಪಟ ಕೆಂಪಾಗುವುದು ಹೇಗೆ? ಹಿರಿಯರಾದ ನಮಗೆ ಕೇಳಬೇಕೆಂದೇ ಹೊಳೆಯದ ಈ ಪ್ರಶ್ನೆಗೆ ಕಾಕಾ ಕೊಟ್ಟಷ್ಟು ದೀರ್ಘ ಉತ್ತರವನ್ನು ಬೇರಾವುದಕ್ಕೂ ಕೊಡಲಿಲ್ಲ. ಹೊಕ್ಕಿನ, ಅಂದರೆ ಅಡ್ಡ ಹಾಯುವ, ನೂಲನ್ನಷ್ಟೇ ಬದಲಿಸಿದರೆ ಒಡಲಿನ ಹಾಸಿನ, ಅಂದರೆ ಉದ್ದಕ್ಕೆ ಹೂಡಿದ ಎಳೆಗಳ, ಬಣ್ಣ ಸೆರಗಿನಲ್ಲಿಯೂ ಇಣುಕುತ್ತದೆ. ಆದ್ದರಿಂದ ಸೆರಗಿಗೆಂದು ಕೆಂಪು ರೇಷ್ಮೆಯ ಪ್ರತ್ಯೇಕ ಹಾಸನ್ನು ಸಿದ್ಧಪಡಿಸಿ, ಅದರ ಒಂದೊಂದು ಎಳೆಯನ್ನೂ ಒಡಲಿನ ಹಾಸಿನ ಎಳೆಗೆ ಕುಣಿಕೆಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಈ ಕಾರಣದಿಂದಲೇ ಟೋಪು ತೆನೆ ಎಂಬ ಈ ಸಾಂಪ್ರದಾಯಿಕ ಬಗೆಯ ಸೆರಗಿನ ಪ್ರತಿಯೊಂದು ಸೀರೆಗೂ ಬೇರೆಯೇ ಹಾಸು ಬೇಕಾಗುತ್ತದೆ; ಹಲವು ಸೀರೆಗಳಿಗೆ ಒಟ್ಟಿಗೆ ಹಾಸು ಹೂಡುವ ಅನುಕೂಲ ಇಲ್ಲಿಲ್ಲ. ಕೈಮಗ್ಗದ ಸೀರೆಯೊಂದಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆಂಬ ಮಾತಿನ ತೂಕ ಆಗ ಅರಿವಾಯಿತು. ಅಂಗಡಿಯವರೊಡನೆ ನಾವು ನಡೆಸುವ ಚೌಕಾಸಿಯ ನೆನಪಾಗಿ ಕೆಲವರು ಮುಖ ಮುಖ ನೋಡಿಕೊಂಡದ್ದೂ ಉಂಟು.

ಕೊನೆಯಲ್ಲಿ ಕುಣಿಮಗ್ಗಕ್ಕೆ ಕೂರಿಸುತ್ತಾರೆ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆಗಳನ್ನು ತುಳಿಯುತ್ತ, ಹೊಕ್ಕಿನ ನೂಲನ್ನು ಒಯ್ಯುವ ಲಾಳಿಯನ್ನು ಹಾಯಿಸಿ, ಆ ನೂಲನ್ನು ಒತ್ತಿ ಕೂರಿಸುವ ಹಣಿಗೆಯನ್ನು ಎಳೆದು ಬಡಿಯುವುದು ನೋಡುವವರ ಕಣ್ಣಿಗೆ ಒಂದೇ ಕೆಲಸ. ಕುಳಿತವರಿಗೆ ಅದು ಒಂದಕ್ಕೊಂದು ಒಗ್ಗದ ಹಲವು ಕೆಲಸ. ಕಾಕಾ ಹೊಗಳುವುದೂ ಇಲ್ಲ, ನಗುವುದೂ ಇಲ್ಲ. ಎಳೆ ಹರಿದರೆ ತಾವೇ ಗಂಟು ಹಾಕಿ ಮುಂದುವರಿಸಲು ಹೇಳುತ್ತಾರೆ. ಬಂದವರ ಅಭ್ಯಾಸಕ್ಕೆ ಬೇರೆ ಹಾಸನ್ನೇ ಹೂಡಿರುವುದರಿಂದ ಮಾರಾಟದ ಸೀರೆ ಕೆಡುವ ಅಂಜಿಕೆಯೂ ಇರುವುದಿಲ್ಲ, ಮತ್ತು ಕಲಿಯುವವರಿಗೆ ಇಷ್ಟು ಧೈರ್ಯ ಕೊಡುವ ಏರ್ಪಾಡನ್ನು ನಾನು ದುಬಾರಿ ತರಬೇತಿಗಳಲ್ಲಿಯೂ ಕಂಡಿಲ್ಲ.

ಕೊರತೆಗಳಿಲ್ಲದಿಲ್ಲ. ಮಗ್ಗದ ಕೋಣೆಯಲ್ಲಿ ಬೆಳಕು ಸಾಲದು, ಮೊಣಕಾಲು ನೋವಿರುವವರಿಗೆ ಕುಣಿಗೆ ಇಳಿದೇಳುವುದು ಪ್ರಯಾಸದ ಕೆಲಸ. ಶುಲ್ಕವನ್ನು ಎಲ್ಲಿಯೂ ಬರೆದು ಹಾಕಿಲ್ಲವಾದ್ದರಿಂದ ಮೊದಲೇ ಕೇಳಿಕೊಂಡು ಹೋಗುವುದು ಲೇಸು. ಮದುವೆಯ ಹಂಗಾಮಿನಲ್ಲಿ ಬೇಡಿಕೆ ಹೆಚ್ಚಾದರೆ ಪಾಠವನ್ನು ಮುಂದೂಡುವುದೂ ಉಂಟು. ಸೀರೆಯನ್ನು ಅಗ್ಗಕ್ಕೆ ಕೊಳ್ಳುವ ಉದ್ದೇಶವಿರುವವರಿಗೆ ಇದು ತಕ್ಕ ಜಾಗವಲ್ಲ. ಅಂಥವರಿಗೆ ಪೇಟೆಯ ಅಂಗಡಿಗಳಿವೆ. ಕೊಂಡಿ ಹಾಕುವುದನ್ನು ಈಗ ತೋರಿಸುತ್ತಾರೆಯೇ ಹೊರತು ಮಾಡಿಸುವುದಿಲ್ಲ. ಅದಕ್ಕೆಂದೇ ಮತ್ತೊಂದು ಅರ್ಧ ದಿನದ ಪಾಠವನ್ನು ಇಟ್ಟರೆ ನಾನು ಮೊದಲಿಗೇ ಹೆಸರು ಬರೆಸುತ್ತೇನೆ.