ಸುರಂಗ ಬಾವಿ ಆಟಕ್ಕೆ ಜಾಹೀರಾತೋ, ಬೆಲೆಯೋ?

ಬೀದರ್‌ನ ನೌಬಾದ್ ಸುರಂಗ ಬಾವಿ ನೋಡಿದ್ದೀರಲ್ವಾ? ಬಹಮನಿ ಕಾಲದ್ದು. ನೆಲದಡಿ ಕಾಲುವೆ, ಅಲ್ಲಲ್ಲಿ ಮೇಲಿಂದ ಬೆಳಕು ಬೀಳುವ ಬಾವಿ. ನಾನು ಮಾಡಿದ ವಿಡಿಯೋ ಗೇಮ್ ಅದರೊಳಗೇ ನಡೆಯುತ್ತದೆ. ಕತ್ತಲಲ್ಲಿ ತಡಕಾಡಿ ನೀರಿಗೆ ದಾರಿ ಬಿಡಿಸಬೇಕು. ಸಂಗೀತ ಇಲ್ಲ, ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಗೇಮ್ ಕಟ್ಟುವ ತಂತ್ರಾಂಶ ಗೋಡೋ ಎಂಜಿನ್ ಪುಕ್ಕಟೆ, ಹಾಗಾಗಿ ಅದರಲ್ಲೇ ಮಾಡಿದೆ.

ಮೊದಲು ಪ್ಲೇ ಸ್ಟೋರ್‌ನಲ್ಲಿ ಉಚಿತವಾಗಿ ಬಿಟ್ಟು, ಜಾಹೀರಾತು ಹಾಕಿದೆ. ಅಲ್ಲಿ ಆಟ ಬಿಡುವವರ ಖಾತೆಗೆ 25 ಡಾಲರ್, ಒಂದೇ ಸಲ. ಹೊಸ ವೈಯಕ್ತಿಕ ಖಾತೆಯಾದ್ದರಿಂದ 12 ಜನ 14 ದಿನ ಬಿಡದೆ ಪರೀಕ್ಷಕರಾಗಿ ಇರಬೇಕಿತ್ತು. ಬಂಧು ಬಳಗವನ್ನೆಲ್ಲ ಹಿಡಿದು ತಂದೆ.

ನಿಜವಾದ ಕಾಟ ಶುರುವಾಗಿದ್ದು ಆಮೇಲೆ. ಕಾಕಾ ಆಡುತ್ತಾ ಕೂತಿದ್ದರು. ಎರಡನೇ ಬಾವಿಯಿಂದ ಸಣ್ಣಗೆ ಬೆಳಕು ಬೀಳಬೇಕು, ಅಷ್ಟರಲ್ಲಿ ಪರದೆ ತುಂಬ ಹಳದಿ ಬಣ್ಣ, ‘ಐದು ನಿಮಿಷದಲ್ಲಿ ಸಾಲ!’ ಎಂಬ ಕಿರುಚಾಟ. “ಏನೋ, ಬಾವ್ಯಾಗ ಸಾಲ ಕೊಡ್ಲಕತ್ತಾರೇನು?” ಅಂದರು. ಸಾಲದ ಜಾಹೀರಾತು ಬರದಂತೆ ಮಾಡಿದೆ. ಬೊಜ್ಜು ಕರಗಿಸುವ ಪುಡಿ ಬಂತು.

ಆಯ್ತು, ನಡುವೆ ನುಗ್ಗೋದು ಬೇಡ, ಸುಳಿವು ಬೇಕೆಂದವರಿಗೆ ಮಾತ್ರ ಜಾಹೀರಾತು ತೋರಿಸೋಣ ಎಂದುಕೊಂಡೆ. ಯಾರೂ ಸುಳಿವು ಕೇಳಲಿಲ್ಲ. ಒಂದು ರಾತ್ರಿ ನಾಲ್ಕನೇ ಹಂತದ ಒಂದು ಕಲ್ಲನ್ನು ಸುಮ್ನೆ ಪಕ್ಕಕ್ಕೆ ಸರಿಸಿದೆ. ಈಗ ದಾರಿ ಕಾಣುತ್ತಲೇ ಇರಲಿಲ್ಲ. ಸುಳಿವು ಕೇಳುವವರು ಹೆಚ್ಚಾದರು, ಕಾಸೂ ಸ್ವಲ್ಪ ಹೆಚ್ಚಾಯಿತು. ಆದರೆ ಆ ಕಲ್ಲನ್ನು ಅಲ್ಲಿಟ್ಟಿದ್ದು ಆಟಕ್ಕಾಗಿ ಅಲ್ಲ ಅಂತ ನನಗೆ ಗೊತ್ತಲ್ಲ! ಅದೂ ಎಂಥ ಕಾಸು? ನೂರು ಡಾಲರ್ ತುಂಬುವವರೆಗೆ ಕೈಗೆ ಬರುವುದಿಲ್ಲ. ಮೂರು ತಿಂಗಳಲ್ಲಿ ನಾಲ್ಕು ಡಾಲರ್ ದಾಟಿರಲಿಲ್ಲ.

ಕಲ್ಲನ್ನು ಮೊದಲಿನ ಜಾಗಕ್ಕೇ ತಂದು, ಆಟವನ್ನು ಇಚ್‌.ಐಒ ಎಂಬ ಆಟ ಮಾರುವ ಜಾಲತಾಣಕ್ಕೆ ಹಾಕಿದೆ. ಅಲ್ಲಿ ಹಾಕಲು ಶುಲ್ಕ ಇಲ್ಲ. ಬಂದದ್ದರಲ್ಲಿ ಅವರಿಗೆಷ್ಟು ಪಾಲು ಅನ್ನೋದನ್ನೂ ನಾವೇ ಗೊತ್ತು ಮಾಡಬಹುದು, ನಾನು ಹತ್ತು ಪರ್ಸೆಂಟ್ ಇಟ್ಟೆ. ಬೆಲೆ ಎರಡು ಡಾಲರ್, ಇಷ್ಟವಿದ್ದವರು ಜಾಸ್ತಿ ಕೊಡಬಹುದು. ಹದಿನೇಳು ಜನ ಕೊಂಡರು. ಒಬ್ಬರು ಐದು ಡಾಲರ್ ಕೊಟ್ಟು, ‘ಹೆಡ್‌ಫೋನ್ ಹಾಕಿಕೊಂಡು ಆಡಿ’ ಎಂದು ಬೇರೆಯವರಿಗೂ ಬರೆದಿದ್ದರು. ಊರಿನ ಗೆಳೆಯರ ಹತ್ತಿರ ಹೊರದೇಶಕ್ಕೆ ನಡೆಯುವ ಕಾರ್ಡ್ ಇಲ್ಲ. ಅವರಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ, ಚಹಾ ಕುಡಿಸಿದರು.

ಆಟ ಮಾರುವ ಇನ್ನೊಂದು ತಾಣವಾದ ಸ್ಟೀಮ್‌ನಲ್ಲಿ ಜನ ಜಾಸ್ತಿ, ನಿಜ. ಆದರೆ ಒಂದು ಆಟಕ್ಕೆ 100 ಡಾಲರ್ ಕಟ್ಟಬೇಕು. ಅದು ವಾಪಸ್ ಬರಲು 1,000 ಡಾಲರ್ ವ್ಯಾಪಾರ ಆಗಬೇಕು. ನನಗದು ಸದ್ಯಕ್ಕೆ ದೂರದ ಮಾತು.

ಹಗಲು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸ ಇದೆ, ಮನೆ ನಡೆಯೋದು ಅದರಿಂದ. ಆಟಕ್ಕೆ ಸಿಗೋದು ರಾತ್ರಿಯ ಎರಡು ಗಂಟೆ. ಅದನ್ನು ಜಾಹೀರಾತಿನ ಲೆಕ್ಕ ನೋಡುತ್ತಾ ಕಳೆಯಲು ನನ್ನಿಂದಾಗಲ್ಲ. ಏಳನೇ ಹಂತದಲ್ಲಿ ನೀರು ಇನ್ನೂ ಏರಿನ ಕಡೆಗೇ ಹರಿಯುತ್ತಿದೆ, ಇವತ್ತು ಅದನ್ನು ನೋಡಬೇಕು.